ಕಣ್ಣು ಮುಚ್ಚಿ ಹೇಳಿದ ಮಾತು

ನಮ್ಮ ಶುಕ್ರವಾರದ ಪ್ರಾರ್ಥನಾಕೂಟದಲ್ಲಿ ಯಾರೂ ಯಾರಿಗೂ ಬೈಯುತ್ತಿರಲಿಲ್ಲ. ಬೈಯಬೇಕು ಅನ್ನಿಸಿದರೆ ಕಣ್ಣು ಮುಚ್ಚಿ ದೇವರಿಗೆ ಹೇಳುತ್ತಿದ್ದೆವು. ಯಾರಾದರೂ ತಡವಾಗಿ ಬಂದರೆ, ‘ಕರ್ತನೇ, ಆರಕ್ಕ ಬಾ ಅಂದರ ಆರೂವರಿಗೆ ಬರೋ ನಿನ್ನ ಮಕ್ಕಳಿಗೆ ಗಡಿಯಾರ ನೋಡೂದು ಕಲಸಪ್ಪಾ’ ಎಂದು ಒಬ್ಬರು ಪ್ರಾರ್ಥಿಸುತ್ತಿದ್ದರು. ತಡವಾಗಿ ಬಂದವರು ಸುಮ್ಮನಿರುತ್ತಿದ್ದರೇ? ತಮ್ಮ ಸರದಿ ಬಂದಾಗ, ‘ಕರ್ತನೇ, ದಿಲ್‌ಸುಖ್‌ನಗರದಿಂದ ಎರಡು ಬಸ್ಸು ಬದಲಿಸಿ ಬರೋರ ತ್ರಾಸು ಮನ್ಯಾಗ ಕುಂತೋರಿಗೆ ತಿಳಿಯೂ ಹಂಗ ಮಾಡಪ್ಪಾ’ ಎಂದು ತಿರುಗಿಸಿ ಕೊಡುತ್ತಿದ್ದರು. ಎರಡೂ ಪ್ರಾರ್ಥನೆಗೆ ಎಲ್ಲರೂ ಅಷ್ಟೇ ಜೋರಾಗಿ ಆಮೆನ್ ಅನ್ನುತ್ತಿದ್ದರು. ಆ ಎರಡು ಬಸ್ಸಿನವಳು ನಾನು. ಗಡಿಯಾರದ ಪ್ರಾರ್ಥನೆ ಅಕ್ಕನದು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಬೀದರ್ ಕಡೆಯ ಒಂದು ಹಳ್ಳಿಯವಳು, ನನಗಿಂತ ಆರೇಳು ವರ್ಷ ದೊಡ್ಡವಳು. ಸೆಂಟ್ರಿಂಗ್ ಕೆಲಸದ ಗಂಡನ ಜೊತೆ ಹೈದರಾಬಾದಿಗೆ ಬಂದಿದ್ದಳು. ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಸನತ್‌ನಗರದ ಒಂದು ಗುಳಿಗೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಮಹಡಿಯ ಮೇಲೆ ತಗಡು ಹೊದಿಸಿದ ಅವಳ ಒಂಟಿ ಕೋಣೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಮೂವತ್ತು ಜನ ಸೇರುತ್ತಿದ್ದರು. ಅಲ್ಲಿ ಕೂರಲು ಜಾಗವಿದ್ದದ್ದು ಹದಿನೈದು ಜನಕ್ಕೆ. ಉಳಿದವರು ಮೆಟ್ಟಿಲ ಮೇಲೆ ಕೂತು ಹಾಡುತ್ತಿದ್ದರು. ಎಲ್ಲರೂ ಹೆಚ್ಚುಕಡಿಮೆ ಅವಳ ಕಡೆಯವರೇ, ಗಾರೆ ಕೆಲಸದವರು, ಕಲ್ಲು ಹೊರುವವರು, ಕಾರ್ಖಾನೆಯವರು. ಅಕ್ಕ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಬಾಯಿ ತೆರೆದು ಪ್ರಾರ್ಥನೆ ಶುರು ಮಾಡಿದಳೆಂದರೆ ದೇವರು ಪಕ್ಕದ ಓಣಿಯಲ್ಲೇ ಮನೆ ಮಾಡಿಕೊಂಡಿದ್ದಾನೆ ಅನ್ನಿಸುತ್ತಿತ್ತು.

ನಾನು ಹುಬ್ಬಳ್ಳಿಯವಳು, ಟೆಲಿಫೋನ್ ಇಲಾಖೆಯ ನೌಕರಿಯಿಂದಾಗಿ ಈ ಊರಿಗೆ ಬಂದವಳು. ನಮ್ಮಪ್ಪ ಆಂಗ್ಲಿಕನ್ ಪದ್ಧತಿಯ ಸಭೆಯಲ್ಲಿ ಉಪದೇಶಿ. ಅಂದರೆ ಪಾದ್ರಿಗಳು ತಿಂಗಳಿಗೊಮ್ಮೆ ಬರುವ ಹಳ್ಳಿಗಳಲ್ಲಿ ಉಳಿದ ಮೂರು ವಾರ ಸಭೆ ನೋಡಿಕೊಳ್ಳುವವನು. ನಮ್ಮ ಮನೆಯಲ್ಲಿ ಪ್ರಾರ್ಥನೆ ಎಂದರೆ ಪುಸ್ತಕ ತೆಗೆಯುವುದು. ಬೆಳಗಿನದಕ್ಕೆ ಒಂದು, ಸಂಜೆಯದಕ್ಕೆ ಒಂದು, ಮಳೆ ಬಾರದಿದ್ದರೆ ಒಂದು, ಬಂದು ಹೆಚ್ಚಾದರೆ ಇನ್ನೊಂದು. ಎಲ್ಲವನ್ನೂ ತಿಳಿದವರು ಮೊದಲೇ ಬರೆದಿಟ್ಟಿರುವಾಗ ನಾವು ತಡವರಿಸುವುದು ಯಾಕೆ ಎಂಬುದು ಅಪ್ಪನ ವಾದ. ನನಗೂ ಅದೇ ಸರಿ ಅನ್ನಿಸುತ್ತಿತ್ತು. ಈಗಲೂ ಅರ್ಧದಷ್ಟು ಅನ್ನಿಸುತ್ತದೆ.

ಅಕ್ಕನೂ ನಾನೂ ಸಿಕ್ಕಿದ್ದು ನಾಂಪಲ್ಲಿಯ ಆಚೆಗಿರುವ ಹಳೆಯ ಕಲ್ಲಿನ ಚರ್ಚಿನಲ್ಲಿ. ಬ್ರಿಟಿಷ್ ದೊರೆಗಳ ಕಾಲದ್ದು ಅದು. ಉದ್ದನೆಯ ಕಂಬಿಗಳಿಂದ ಇಳಿಬಿದ್ದ ಫ್ಯಾನುಗಳು ತಿರುಗುತ್ತಿದ್ದವೇ ಹೊರತು ಗಾಳಿ ಕೆಳಗಿಳಿಯುತ್ತಿರಲಿಲ್ಲ. ಬೆಳಗಿನ ತಂಪು ಹೊತ್ತು ಇಂಗ್ಲಿಷಿನವರಿಗೆ, ಆಮೇಲಿನದು ತೆಲುಗಿನವರಿಗೆ. ಕನ್ನಡದ ನಮಗೆ ಸಿಕ್ಕಿದ್ದು ಮಧ್ಯಾಹ್ನ ಮೂರು ಗಂಟೆ. ಆರ್ಗನ್ನಿನ ಬೀಗದ ಕೈ ಇಂಗ್ಲಿಷ್ ಸಭೆಯವರ ಹತ್ತಿರ ಇದ್ದುದರಿಂದ ನಾನು ಮನೆಯಿಂದ ಹಾರ್ಮೋನಿಯಂ ಹೊತ್ತುಕೊಂಡು ಬರುತ್ತಿದ್ದೆ. ಅದು ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದು ನಿಲ್ಲುತ್ತಿದ್ದ ಕಾಲ. ಅವನ್ನು ಕಟ್ಟುವವರೂ, ಕಟ್ಟಿದ ಮೇಲೆ ಒಳಗೆ ಕೂತು ಕಂಪ್ಯೂಟರ್ ನೋಡುವವರೂ ನಮ್ಮ ಆರಾಧನೆಗೆ ಬರುತ್ತಿದ್ದರು. ಒಂದೇ ಬೆಂಚಿನಲ್ಲಿ ಒಂದು ತುದಿಗೆ ಕುತ್ತಿಗೆಗೆ ಆಫೀಸಿನ ಪಟ್ಟಿ ಹಾಕಿಕೊಂಡ ಹುಡುಗ, ಇನ್ನೊಂದು ತುದಿಗೆ ಉಗುರಿನ ಸಂದಿಯಲ್ಲಿ ಸಿಮೆಂಟು ಉಳಿದವನು. ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ ಇರುತ್ತಿತ್ತು.

ಆದರೆ ನಮ್ಮಲ್ಲಿದ್ದ ನಿಜವಾದ ಎರಡು ಪಂಗಡ ಬೇರೆ. ಪುಸ್ತಕದವರು ಮತ್ತು ಕೂಟದವರು. ಪುಸ್ತಕದವರು ಮಂಡಿಯೂರುವಲ್ಲಿ ಮಂಡಿಯೂರಿ, ನಿಲ್ಲುವಲ್ಲಿ ನಿಂತು, ಮೆಲುದನಿಯಲ್ಲಿ ಉತ್ತರ ಕೊಡುವವರು. ಕೂಟದವರು ಚಪ್ಪಾಳೆ ತಟ್ಟಿ, ಡೋಲಕ್ ಬಾರಿಸಿ, ಅಳು ಬಂದರೆ ಅತ್ತುಬಿಡುವವರು. ಅವರನ್ನು ಕಂಡರೆ ನಮಗೆ ಗದ್ದಲ. ನಮ್ಮನ್ನು ಕಂಡರೆ ಅವರಿಗೆ ನಿದ್ದೆ.

ಪುಸ್ತಕದವರ ಮುಖಂಡರು ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು. ಎಲ್ಲರೂ ಅವರನ್ನು ಗಾರ್ಡ್ ಸಾಹೇಬರು ಎಂದೇ ಕರೆಯುತ್ತಿದ್ದರು. ಗದಗಿನ ಕಡೆಯವರು. ಆರಾಧನೆ ಮೂರಕ್ಕೆ ಎಂದರೆ ಮೂರಕ್ಕೆ ಶುರುವಾಗಬೇಕು, ಹಸಿರು ಬಾವುಟ ತೋರಿಸಿದ ಮೇಲೆ ಬಂದವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯಬೇಕು ಎನ್ನುವ ಜಾತಿಯವರು. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಮೈಸೂರು ಕಡೆಯ ಯುವಕ. ಎರಡೂ ಪಂಗಡದ ಮಾತಿಗೆ ‘ಹೌದು ಹೌದು, ಅದೂ ಇದೆ’ ಎಂದು ತಲೆಯಾಡಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಈ ಎರಡು ಪಂಗಡ ಒಂದಾಗಲಿ ಎಂದು ಅವರೇ ಒಂದು ಏರ್ಪಾಟು ಮಾಡಿದರು. ಪುಸ್ತಕದವರಲ್ಲಿ ಒಬ್ಬಿಬ್ಬರು ಶುಕ್ರವಾರ ಸನತ್‌ನಗರದ ಕೂಟಕ್ಕೆ ಹೋಗಬೇಕು, ಕೂಟದವರು ಭಾನುವಾರ ಪಾಠ ಓದಬೇಕು. ಹೀಗೆ ಐಕ್ಯದ ಹೆಸರಿನಲ್ಲಿ ನಾನು ಎರಡು ಬಸ್ಸು ಹತ್ತತೊಡಗಿದ್ದು.

ಮೊದಲ ಶುಕ್ರವಾರ ಅಕ್ಕ ನನ್ನನ್ನು ಬಾಗಿಲಲ್ಲಿ ತಡೆದು, ‘ಪುಸ್ತಕ ಕೆಳಗ ಚಪ್ಪಲಿ ಹತ್ರ ಇಟ್ಟು ಬಾ ತಂಗಿ, ಯಾರೂ ಒಯ್ಯಂಗಿಲ್ಲ’ ಅಂದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ‘ನಿನ್ನ ಡೋಲಕ್ಕೂ ಕೆಳಗಿಟ್ಟರ ಇಡತೀನಿ’ ಅಂದೆ. ಅವಳು ನಕ್ಕು ಒಳಗೆ ಕರೆದು ಜೋಳದ ರೊಟ್ಟಿ, ಪುಂಡಿ ಪಲ್ಲೆ ಹಾಕಿಕೊಟ್ಟಳು. ಅಲ್ಲಿಂದ ನಮ್ಮ ಗೆಳೆತನ ಕುದುರಿತು. ಭಾನುವಾರ ಓದಬೇಕಾದ ಪಾಠವನ್ನು ನಾನು ಅವಳಿಗೆ ಹೇಳಿಕೊಡುತ್ತಿದ್ದೆ. ಉದ್ದದ ಹೆಸರು ಬಂದರೆ ಅವಳು ಅದನ್ನು ಹಾರಿಸಿ ‘ಆ ರಾಜ’ ಎಂದು ಓದಿಬಿಡುತ್ತಿದ್ದಳು, ಗಾರ್ಡ್ ಸಾಹೇಬರ ಹುಬ್ಬು ಮೇಲೇರುತ್ತಿತ್ತು. ಅವಳು ನನಗೆ ಚಪ್ಪಾಳೆ ಕಲಿಸಿದಳು. ತಾಳಕ್ಕೆ ಸರಿಯಾಗಿ ಹಾರ್ಮೋನಿಯಂ ಬಾರಿಸುವ ನನಗೆ ಚಪ್ಪಾಳೆಯ ತಾಳ ಮಾತ್ರ ತಪ್ಪುತ್ತಿತ್ತು. ನಾಚಿಕೆಯೇ ಕಾರಣ ಎಂದು ಅವಳು ಹೇಳುತ್ತಿದ್ದಳು, ಅದು ನಿಜ.

ಒಂದು ಭಾನುವಾರ ಆರಾಧನೆ ಮುಗಿಸಿ ನಾಂಪಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಅಕ್ಕನ ಮುಖದಲ್ಲಿ ಏನೋ ಹೊಳಪಿತ್ತು. ಏನೆಂದು ಕೇಳಿದೆ. ಆಚೆ ಈಚೆ ನೋಡಿ, ನನ್ನ ಕೈ ಹಿಡಿದು ಹೇಳಿದಳು.

‘ಯಾರ ಮುಂದನೂ ಹೇಳಬ್ಯಾಡ. ಹೋದ ವಾರ ಬಾಜೂ ಮನಿ ತೆಲುಗು ಹೆಣಮಗಳ ಕೂಡ ಅವರ ಸಭಾಕ್ಕ ಹೋಗಿದ್ದೆ. ಅಲ್ಲಿ ನೀರಿನ ಹೌದಿನಾಗ ಇಳಿದು ದೀಕ್ಷಾಸ್ನಾನ ತಗೊಂಡೆ.’

‘ನಿನಗ ಸಣ್ಣಕ್ಕಿದ್ದಾಗ ಆಗೇದಲ್ಲ ಅಕ್ಕಾ?’

‘ಆಗೇತಿ. ಅದು ಅವ್ವನ ತೊಡಿಮ್ಯಾಲೆ ಅಳಕೋತ ಆಗಿದ್ದು. ಈ ಸಲ ನಾನ ನಡಕೊಂತ ಹೋದೆ. ನೀರಿನ್ಯಾಗಿಂದ ಎದ್ದಾಗ, ತಂಗಿ, ಅವರು ತೀರಿಕೊಂಡ ಮ್ಯಾಲೆ ಎದಿಮ್ಯಾಲೆ ಕುಂತಿದ್ದ ಕಲ್ಲು ಇಳದಂಗ ಆತು.’

ನಮ್ಮ ಸಭೆಯ ನಿಯಮ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೀಕ್ಷಾಸ್ನಾನ ಒಂದೇ ಸಲ. ಇನ್ನೊಂದು ಕಡೆ ಹೋಗಿ ಎರಡನೆಯದು ತೆಗೆದುಕೊಂಡವರನ್ನು, ಅವರು ತಪ್ಪಾಯಿತು ಎಂದು ಬರೆದುಕೊಡುವ ತನಕ, ಕರ್ತನ ಭೋಜನಕ್ಕೆ ಸೇರಿಸುವಂತಿಲ್ಲ. ರೊಟ್ಟಿಯೂ ಇಲ್ಲ, ದ್ರಾಕ್ಷಾರಸದ ಪಾತ್ರೆಯೂ ಇಲ್ಲ. ಅದಕ್ಕೇ ಅವಳು ಯಾರಿಗೂ ಹೇಳಬೇಡ ಅಂದದ್ದು. ಹೇಳುವುದಿಲ್ಲ ಅಂದೆ.

ಆದರೆ ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ನಮ್ಮಪ್ಪ ನೆನಪಾದ. ಪಾದ್ರಿಗಳು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವಾಗ ನೀರಿನ ಬೋಗುಣಿ ಹಿಡಿದು ನಿಲ್ಲುತ್ತಿದ್ದವನು ಅವನು. ನೀರು ತಣ್ಣಗಿದ್ದರೆ ಕೂಸು ಬೆದರುತ್ತದೆ ಎಂದು ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಿದ್ದ. ಹಾಗಾದರೆ ಅದೆಲ್ಲ ಏನೂ ಅಲ್ಲವೇ? ನಮ್ಮಪ್ಪನ ಬೋಗುಣಿಯ ನೀರಿಗಿಂತ ಆ ತೆಲುಗು ಸಭೆಯ ಹೌದಿನ ನೀರು ಹೆಚ್ಚೇ? ಇದು ಒಂದು ಸಿಟ್ಟು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವಳ ಮುಖದ ಆ ಹೊಳಪು ನನ್ನ ಮುಖಕ್ಕೆ ಯಾವತ್ತೂ ಬಂದಿರಲಿಲ್ಲ. ಹೊಟ್ಟೆಕಿಚ್ಚು ಅನ್ನುವುದಕ್ಕೆ ನನಗೆ ಈಗ ಸಂಕೋಚವಿಲ್ಲ.

ಮುಂದಿನ ಶುಕ್ರವಾರ ಗಾರ್ಡ್ ಸಾಹೇಬರೂ ಕೂಟಕ್ಕೆ ಬಂದಿದ್ದರು. ಐಕ್ಯದ ಲೆಕ್ಕದಲ್ಲಿ ಅದು ಅವರ ಸರದಿ. ಗೋಡೆಗೆ ತಾಗಿಸಿ ಹಾಕಿದ ಒಂದೇ ಒಂದು ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದರು. ನಾನು ಅವತ್ತೂ ತಡ. ಹಾಡು ಮುಗಿದು ಪ್ರಾರ್ಥನೆ ಶುರುವಾಯಿತು. ಅಕ್ಕ ಎಂದಿನಂತೆ ನಗೆಚಾಟಿಕೆಯಲ್ಲೇ, ‘ಕರ್ತನೇ, ಪುಸ್ತಕ ನೋಡಿ ಮಾತಾಡೋರೂ ನಿನ್ನ ಮಕ್ಕಳ. ಒಂದಿನಾ ಪುಸ್ತಕ ಮುಚ್ಚಿ ಎದಿ ತಗದು ನಿನ್ನ ಕೂಡ ಮಾತಾಡೂ ಹಂಗ ಮಾಡಪ್ಪಾ’ ಅಂದಳು. ಮೆಟ್ಟಿಲ ಮೇಲಿನವರೂ ನಗುತ್ತ ಆಮೆನ್ ಅಂದರು. ಬೇರೆ ಶುಕ್ರವಾರವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ಅದು ಅಪ್ಪನಿಗೆ ತಗುಲಿದ ಹಾಗೆ ಆಯಿತು. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿದೆ, ಬಾಯಿ ತೆರೆದೆ.

‘ಕರ್ತನೇ, ನೀ ಒಮ್ಮೆ ಕೊಟ್ಟ ದೀಕ್ಷಾಸ್ನಾನ ಸಾಲಂಗಿಲ್ಲಂತ ಕದ್ದು ಹೋಗಿ ಎರಡನೇ ಸಲ ಹೌದಿಗೆ ಇಳಿದು ಬಂದ ನಮ್ಮ ಅಕ್ಕನ್ನ ಕ್ಷಮಿಸು.’

ಯಾರೂ ಆಮೆನ್ ಅನ್ನಲಿಲ್ಲ. ನಾನು ಕಣ್ಣು ತೆರೆಯುವ ಧೈರ್ಯ ಮಾಡಲಿಲ್ಲ. ಕೆಳಗಿನ ಓಣಿಯಲ್ಲಿ ಆಟೋ ಒಂದು ಸ್ಟಾರ್ಟ್ ಆಗದೆ ಗುರುಗುಟ್ಟುತ್ತಿದ್ದದ್ದು ಕೇಳುತ್ತಿತ್ತು. ಕಣ್ಣು ತೆರೆದಾಗ ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ಎದ್ದು ಒಲೆಯ ಹತ್ತಿರ ಹೋಗಿ ಎಲ್ಲರಿಗೂ ಚಹಾ ಸೋಸುತ್ತಿದ್ದಳು. ನನಗೂ ಕೊಟ್ಟಳು. ಗಾರ್ಡ್ ಸಾಹೇಬರು ಚಹಾ ಕುಡಿಯದೆ ಇಳಿದು ಹೋದರು.

ಆಮೇಲಿನದು ಬೇಗ ನಡೆದುಹೋಯಿತು. ಗಾರ್ಡ್ ಸಾಹೇಬರು ಸಭೆಯ ಕಮಿಟಿಯಲ್ಲಿ ವಿಷಯ ಎತ್ತಿದರು. ‘ನನಗ ಆಕಿಮ್ಯಾಲೆ ಸಿಟ್ಟಿಲ್ಲರಿ. ಸಿಗ್ನಲ್ ಕೆಂಪಿದ್ದರ ಗಾಡಿ ನಿಲ್ಲಬೇಕು, ಒಳಗ ನಮ್ಮ ಅವ್ವನ ಕುಂತಿದ್ದರೂ’ ಅಂದರು. ಅಯ್ಯನವರು ಬೆವರು ಒರೆಸಿಕೊಂಡರು. ಅಕ್ಕನನ್ನು ಕಂಡು, ‘ಎರಡು ಸಾಲು ಬರೆದುಕೊಟ್ಟುಬಿಡಿ, ತಪ್ಪಾಯಿತು ಅಂತ. ಇಲ್ಲಿಗೇ ಮುಗಿಸೋಣ’ ಎಂದು ಕೇಳಿಕೊಂಡರು. ಅವಳು ಒಪ್ಪಲಿಲ್ಲ. ‘ಆ ನೀರಿನ್ಯಾಗ ನಂಗ ಸಮಾಧಾನ ಸಿಕ್ಕೇತ್ರಿ ಅಯ್ಯನವರ. ಅದು ತಪ್ಪಂತ ಸುಳ್ಳು ಬರದು ಕರ್ತನ ರೊಟ್ಟಿ ಹ್ಯಾಂಗ ತಿನ್ನಲಿ?’ ಎಂದು ಕೇಳಿದಳಂತೆ. ಆದರೆ ನಿಯಮ ಇತ್ತು. ಅಕ್ಕನಿಗೆ ಭೋಜನ ನಿಂತಿತು.

ಕೂಟದವರು ಕೆರಳಿದರು. ಬೇರೆ ಒಬ್ಬ ಪಾಸ್ಟರ್ ಸನತ್‌ನಗರದಲ್ಲೇ ದೊಡ್ಡ ಶೆಡ್ಡು ಕೊಡುತ್ತೇನೆಂದು ಕಾಯುತ್ತಿದ್ದರು. ಮೈಕು, ಕೀಬೋರ್ಡು ಎಲ್ಲ ಇದೆಯಂತೆ. ಮೂವತ್ತೂ ಜನ ಹೊರಟು ನಿಂತರು. ಅವರು ಹೋದರೆ ಮೂರು ಗಂಟೆಯ ಆರಾಧನೆಯಲ್ಲಿ ಉಳಿಯುವವರು ಗಾರ್ಡ್ ಸಾಹೇಬರು, ನಾನು, ನನ್ನ ಹಾರ್ಮೋನಿಯಂ ಮತ್ತು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಕೆಲವು ಹುಡುಗರು. ಅವರನ್ನು ತಡೆದವಳು ಅಕ್ಕನೇ. ‘ತಿನ್ನಾಕ ಕೊಡದಿದ್ದರೂ ನಾ ಆ ಮನಿ ಬಿಟ್ಟು ಹೋಗಾಂಗಿಲ್ಲ. ನೀವ್ಯಾಕ ಹೋಗತೀರಿ?’ ಎಂದು ಗದರಿಸಿ ಕೂರಿಸಿದಳು. ಅದು ಕೂಟದವರೇ ಬಂದು ನನಗೆ ಹೇಳಿದ್ದು, ನಾಚಿಕೆಯಾಗಲಿ ಎಂದೇ ಹೇಳಿದ್ದು. ಆಯಿತು.

ಕೆಲಸದ ಪಾಳಿ ಇಲ್ಲದ ಭಾನುವಾರಗಳಲ್ಲೆಲ್ಲ ಅಕ್ಕ ಬರುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಎದ್ದು ಮುಂದೆ ಸಾಲಾಗಿ ಹೋಗಿ ಮಂಡಿಯೂರುವಾಗ ಅವಳು ಕೂತಲ್ಲೇ ಮಂಡಿಯೂರುತ್ತಿದ್ದಳು. ಅವಳನ್ನು ದಾಟಿ ಹೋಗುವವರಿಗೆ ತನ್ನ ಕಾಲು ಅಡ್ಡವಾಗದ ಹಾಗೆ ಸೀರೆ ಸರಿಪಡಿಸಿಕೊಂಡು ಜಾಗ ಬಿಡುತ್ತಿದ್ದಳು. ನಾನು ಅದನ್ನು ನೋಡಲಾರದೆ ಹಾರ್ಮೋನಿಯಂ ಮೇಲೆ ಬಗ್ಗುತ್ತಿದ್ದೆ.

ಮೂರು ವಾರ ಕೈ ಕೈ ಹಿಸುಕಿಕೊಂಡು, ನಾಲ್ಕನೆಯ ವಾರ ಸನತ್‌ನಗರಕ್ಕೆ ಹೋದೆ. ಶುಕ್ರವಾರವಲ್ಲ, ಅವಳೊಬ್ಬಳೇ ಇರುವ ದಿನ. ಅಕ್ಕ ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ, ಬರಬೇಡ ಅನ್ನಲೂ ಇಲ್ಲ. ಒಳಗೆ ಹೋಗಿ ನೆಲದ ಮೇಲೆ ಕೂತೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿ ಅರ್ಧ ಅವಳು, ಅರ್ಧ ನಾನು ಆರಿಸಿದೆವು. ಅವಳೇ ಮಾತು ತೆಗೆದಳು.

‘ನಮ್ಮ ಊರಾಗ ಬಾವಿ ಹತ್ರ ನಮ್ಮನ್ನ ಬಿಡತಿರಲಿಲ್ಲ ತಂಗಿ. ನೀರಡಿಸಿದರ ಬೊಗಸಿ ಹಿಡದು ಕುಂದರಬೇಕು, ಅವರು ಮ್ಯಾಲಿಂದ ಹಾಕಬೇಕು. ಅವರ ಚರಗಿ ನಮ್ಮ ತುಟಿಗೆ ತಾಗಬಾರದು. ಹೈದರಾಬಾದಿಗೆ ಬಂದ ಮ್ಯಾಲೆ ಮೊದಲನೇ ಸಲ ನಮ್ಮ ಚರ್ಚಿನ್ಯಾಗ ಮಂಡಿ ಊರಿದಾಗ ನನ್ನ ಈ ಬಾಜೂಕ ನಮ್ಮ ಮನಿಯವರು, ಆ ಬಾಜೂಕ ಗಾರ್ಡ್ ಸಾಹೇಬರು. ಸಾಹೇಬರು ಕುಡದ ಪಾತ್ರಿ ನಂಗ ಬಂತು. ನಾ ಕುಡದದ್ದು ಮುಂದಿನವರಿಗೆ ಹೋತು. ಮನಿಗೆ ಬಂದು ನಮ್ಮ ಮನಿಯವರು ಅತ್ತರು. ಗಂಡಸು ಅತ್ತದ್ದು ಅವತ್ತ ನೋಡಿದ್ದು ನಾ.’

ಮೊರದಿಂದ ಒಂದು ಕಲ್ಲು ತೆಗೆದು ಕಿಟಕಿಯಾಚೆ ಎಸೆದಳು.

‘ಈಗ ಕಡೀಕ ಕುಂತು ನೋಡತೀನಲ್ಲ, ಮತ್ತ ಬಾವಿಕಟ್ಟಿ ಹೊರಗ ಕುಂತಂಗ ಆಗತೈತಿ.’

ನಾನು ಅತ್ತುಬಿಟ್ಟೆ. ಕೂಟಕ್ಕೆ ಬರತೊಡಗಿ ಎರಡು ವರ್ಷವಾದರೂ ಯಾರೆದುರಿಗೂ ಅತ್ತಿರಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ, ಮಾಡುವ ಕಾರಣವೂ ಇರಲಿಲ್ಲ. ಮುಖ ಒರೆಸಿಕೊಂಡು, ‘ಇದನ್ನ ಕಮಿಟಿಯಾಗ ಹೇಳಲೇನು ಅಕ್ಕಾ? ನೀ ಬ್ಯಾಡಂದರ ಇಲ್ಲ’ ಎಂದು ಕೇಳಿದೆ. ಅವಳು ನನ್ನನ್ನು ಅಳೆಯುವ ಹಾಗೆ ನೋಡಿದಳು.

‘ಹೇಳು. ಆದರ ಈ ಸಲ ಕಣ್ಣು ತಗದು ಹೇಳು.’

ಕಮಿಟಿಯಲ್ಲಿ ಕಣ್ಣು ತೆರೆದೇ ಹೇಳಿದೆ. ಮೊದಲು ನನ್ನ ತಪ್ಪು ಹೇಳಿದೆ. ಆಕೆ ನಂಬಿ ಹೇಳಿದ ಗುಟ್ಟನ್ನು ದೇವರ ಹೆಸರಲ್ಲಿ ಊರಿಗೆಲ್ಲ ಸಾರಿದೆ, ಹೌದಿಗಿಳಿದದ್ದಕ್ಕಿಂತ ಅದು ದೊಡ್ಡದು, ಆದರೆ ನನ್ನನ್ನು ಯಾರೂ ತಡೆದಿಲ್ಲ, ಅದಕ್ಕೆ ನಿಯಮವೇ ಇಲ್ಲ ಅಂದೆ. ಆಮೇಲೆ ಬಾವಿಯ ಮಾತು ಹೇಳಿದೆ, ಅವಳು ಹೇಳಿದ ಹಾಗೇ, ಗಾರ್ಡ್ ಸಾಹೇಬರ ಮುಖ ನೋಡಿಕೊಂಡೇ. ಗಾರ್ಡ್ ಸಾಹೇಬರು ಕೋಲಿನ ಹಿಡಿಯನ್ನು ಸವರುತ್ತ ಕೂತರು. ಕೊನೆಗೆ, ‘ಆ ದಿನ ನನ್ನ ಬಾಜೂಕ ಕುಂತಾಕಿ ಆಕೀನಾ? ನನಗ ನೆನಪ ಇಲ್ಲಲ್ಲ ಉಪದೇಶಿಗೋಳ ಮಗಳ’ ಅಂದರು. ಅದನ್ನೇ ಇನ್ನೊಮ್ಮೆ ತಮಗೆ ತಾವೇ ಹೇಳಿಕೊಂಡರು.

ಮರುದಿನ ಅವರು ತಾವೇ ಅಯ್ಯನವರನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದರು. ಹೋಗಿ ಏನು ಕೇಳಿದರೆಂದು ಅಯ್ಯನವರು ಆಮೇಲೆ ನನಗೆ ಹೇಳಿದರು. ‘ನೀರಿಗೆ ಇಳಿದದ್ದು ತಪ್ಪಂತ ಬರೀಬ್ಯಾಡವ್ವ. ಮನ್ಯಾಗಿನ ಹಿರಿಯರಿಗೆ ಒಂದು ಮಾತು ಕೇಳದ ಹೋದದ್ದು ತಪ್ಪೇನು, ಅದನ್ನ ಹೇಳು.’ ಅಕ್ಕ ಸ್ವಲ್ಪ ಯೋಚಿಸಿ, ‘ಅದು ತಪ್ಪು. ನಿಮಗ ಹೇಳಿ ಹೋಗಬೇಕಿತ್ತು’ ಅಂದಳಂತೆ. ಗಾರ್ಡ್ ಸಾಹೇಬರು ಅಲ್ಲೇ ನೆಲದ ಮೇಲೆ ಕೂತು, ರೈಲಿನ ದಿನಚರಿ ಬರೆದು ಪಳಗಿದ ತಮ್ಮ ಓರೆ ಅಕ್ಷರದಲ್ಲಿ ಅದನ್ನು ಬರೆದರು. ಕೆಳಗೆ ಅಕ್ಕ ಸಹಿ ಮಾಡಿದಳು. ಅದು ಬಿಷಪ್ಪರಿಗೆ ಹೋಯಿತು.

ದೊಡ್ಡ ಕಚೇರಿಗಳ ಉತ್ತರ ಯಾವಾಗಲೂ ನಿಧಾನ. ಈ ಉತ್ತರ ಬರುವ ಹೊತ್ತಿಗೆ, ಅಕ್ಕನಿಗೆ ಭೋಜನ ನಿಂತು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ನಾನೂ ಭೋಜನ ತೆಗೆದುಕೊಳ್ಳಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿ ಹೇಳಿಯೇ ಆದ ಅನಾಹುತವಲ್ಲವೇ? ಎಲ್ಲರೂ ಮುಗಿಸಿದ ಮೇಲೆ ಹಾರ್ಮೋನಿಯಂ ಬಿಟ್ಟು ಕೊನೆಯಲ್ಲಿ ಹೋಗುವುದು ನನ್ನ ವಾಡಿಕೆ. ಹಾಡು ಮುಗಿಸದೆ ಬಾರಿಸುತ್ತಲೇ ಇದ್ದರೆ ಅಯ್ಯನವರು ಪಾತ್ರೆ ಮುಚ್ಚಿಬಿಡುತ್ತಿದ್ದರು. ಒಮ್ಮೆ ಕೇಳಿದರು, ಮಂಡಿನೋವು ಅಂದೆ. ಅಕ್ಕ ಈ ನಡುವೆ ನನ್ನೊಡನೆ ಒರಟಾಗಿ ನಡೆದುಕೊಳ್ಳಲಿಲ್ಲ. ಹೋಗಿಬರುವಾಗ ತಲೆ ಅಲ್ಲಾಡಿಸುತ್ತಿದ್ದಳು. ಆದರೆ ಮೊದಲಿನ ಗಡಿಯಾರದ ಪ್ರಾರ್ಥನೆಗಳೆಲ್ಲ ನಿಂತಿದ್ದವು. ಶುಕ್ರವಾರದ ಕೂಟಕ್ಕೆ ನಾನು ಎಷ್ಟು ತಡವಾಗಿ ಹೋದರೂ ದೇವರ ಹತ್ತಿರ ದೂರು ಹೋಗುತ್ತಿರಲಿಲ್ಲ. ಬೈಸಿಕೊಳ್ಳದೆ ಇರುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಬಿಷಪ್ಪರ ಉತ್ತರದಲ್ಲಿ ಇದ್ದದ್ದು ಇಷ್ಟೇ: ಸಭೆಯ ಸಮಾಧಾನಕ್ಕೆ ತಕ್ಕದ್ದನ್ನು ಸಭಾಪಾಲಕರೇ ಮಾಡಲಿ. ಅಯ್ಯನವರು ಅದನ್ನು ಒಪ್ಪಿಗೆ ಎಂದು ಓದಿದರು. ಗಾರ್ಡ್ ಸಾಹೇಬರೂ ಒಪ್ಪಿಗೆ ಎಂದೇ ಓದಿದರು. ಅವರು ಯಾವ ಕಾಗದವನ್ನಾಗಲಿ ಹಾಗೆ ಸಡಿಲವಾಗಿ ಓದಿದ್ದನ್ನು ನಾವು ಕಂಡಿದ್ದು ಅದೇ ಮೊದಲು. ಆದರೆ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಗಿ ಅಕ್ಕನಿಗೆ ಭಾನುವಾರವೆಲ್ಲ ಪಾಳಿ ಬಿದ್ದಿತ್ತು. ‘ಆಕಿ ಬರೋತನಕ ಯಾಕ ಕಾಯೂದು? ಗಾಡೀನ ಅಲ್ಲಿಗೆ ಒಯ್ಯೂಣು’ ಎಂದು ಗಾರ್ಡ್ ಸಾಹೇಬರೇ ಅಂದರು. ಹಾಸಿಗೆ ಹಿಡಿದವರ ಮನೆಗೆ ಭೋಜನ ಒಯ್ಯುವ ಒಂದು ಸಣ್ಣ ಪೆಟ್ಟಿಗೆ ಚರ್ಚಿನಲ್ಲಿತ್ತು. ಶುಕ್ರವಾರ ಸಂಜೆ ಅಯ್ಯನವರು ಬಿಳಿಯ ನಿಲುವಂಗಿ ಮಡಚಿ ಚೀಲದಲ್ಲಿಟ್ಟುಕೊಂಡು, ಗಾರ್ಡ್ ಸಾಹೇಬರು ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು, ನಾವು ಮೂವರೂ ಬಸ್ಸಿನಲ್ಲಿ ಹೋದೆವು.

ಕೋಣೆ ತುಂಬಿತ್ತು, ಮೆಟ್ಟಿಲೂ ತುಂಬಿತ್ತು. ಗುಳಿಗೆಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಅಯ್ಯನವರು ಪುಸ್ತಕ ತೆಗೆದು ಆರಾಧನೆ ನಡೆಸಿದರು. ಉತ್ತರ ಕೊಡಬೇಕಾದಲ್ಲೆಲ್ಲ ಗಾರ್ಡ್ ಸಾಹೇಬರು ಗಟ್ಟಿಯಾಗಿ ಹೇಳಿಕೊಟ್ಟರು, ಕೂಟದವರು ಗಟ್ಟಿಯಾಗಿ ಹೇಳಿದರು. ಬರೆದಿಟ್ಟ ಆ ಹಳೆಯ ಮಾತುಗಳನ್ನು ಅಷ್ಟು ಜೋರು ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಡುವೆ ಯಾರೋ ಹಲ್ಲೆಲೂಯ ಅಂದರು. ಗಾರ್ಡ್ ಸಾಹೇಬರ ಹುಬ್ಬು ಏರಿತು, ಇಳಿಯಿತು.

ರೊಟ್ಟಿ ಮುರಿಯುವ ಮೊದಲು ಅಯ್ಯನವರು ನಿಂತರು. ‘ಒಬ್ಬರ ಮೇಲೊಬ್ಬರಿಗೆ ಮನಸ್ಸಿನಲ್ಲಿ ಏನಾದರೂ ಇದ್ದರೆ ಈಗ ಸರಿಮಾಡಿಕೊಳ್ಳಿ. ಆಮೇಲೆ ಮುಂದಕ್ಕೆ ಹೋಗೋಣ’ ಅಂದರು. ಚರ್ಚಿನಲ್ಲಿ ಈ ಮಾತು ಬಂದಾಗ ಪಕ್ಕದವರ ಕೈ ಮುಟ್ಟಿ ಮುಗುಳ್ನಗುವುದು ನಮ್ಮ ರೂಢಿ. ಇಲ್ಲಿ ಯಾರೂ ಅಲುಗಾಡಲಿಲ್ಲ. ಎಲ್ಲರೂ ಅಕ್ಕನ ಕಡೆ ನೋಡಿ, ಆಮೇಲೆ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿಕೊಂಡರು. ಈಗ ಅವಳು ಪ್ರಾರ್ಥನೆ ಮಾಡುತ್ತಾಳೆ, ನಾಲ್ಕು ತಿಂಗಳಿನದನ್ನೆಲ್ಲ ಸೇರಿಸಿ ದೇವರಿಗೆ ಹೇಳುತ್ತಾಳೆ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಹೇಳಲಿ, ನನಗೆ ಬರಬೇಕಾದದ್ದೇ ಎಂದು ನಾನೂ ಕಣ್ಣು ಮುಚ್ಚಿದೆ.

‘ಕಣ್ಣು ತಗಿ ತಂಗಿ’ ಅಂದಳು ಅಕ್ಕ.

ತೆಗೆದೆ. ಅವಳು ನನ್ನ ಎದುರಿಗೆ ಬಂದು ಕೂತಿದ್ದಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

‘ನೀ ಮಾಡಿದ್ದು ಭಾಳ ಕೆಟ್ಟದ್ದು. ನನಗ ಭಾಳ ನೋವಾಗೇತಿ.’

‘ತಪ್ಪಾತು ಅಕ್ಕಾ.’

‘ನಿಮ್ಮಪ್ಪಗ ತಾಗೂ ಹಂಗ ಮಾತಾಡಿದ್ದೆ ನಾ. ಅದೂ ತಪ್ಪು. ಅವರನ್ನ ನಾ ನೋಡಿಲ್ಲ. ನೋಡಿದ್ದರ ಅನ್ನತಿರಲಿಲ್ಲ.’

ಅಪ್ಪನಿಗಾಗಿ ಬಂದ ಸಿಟ್ಟು ನನ್ನೊಳಗಿದ್ದದ್ದು ಅವಳಿಗೆ ಗೊತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಅವಳು ನನ್ನ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಒತ್ತಿದಳು. ಔಷಧಿಯ ವಾಸನೆ ಹಿಡಿದ, ಚರ್ಮ ಒರಟಾದ ಕೈಗಳು ಅವು. ಗೋಡೆಯ ಹತ್ತಿರ ಗಾರ್ಡ್ ಸಾಹೇಬರು ಕುರ್ಚಿ ಬಿಟ್ಟು, ಕೋಲು ಊರಿ, ನೋವಿನಿಂದ ಮುಖ ಕಿವುಚಿಕೊಂಡು ನೆಲಕ್ಕೆ ಇಳಿದು ಅವಳ ಪಕ್ಕದಲ್ಲಿ ಮಂಡಿಯೂರಿದರು.

ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಮೊದಲು ಅಕ್ಕನ ಮುಂದೆ ಬಂದು ಬಗ್ಗಿದರು. ಅದಕ್ಕಾಗಿಯೇ ಅಷ್ಟು ದೂರ ಬಂದದ್ದು. ಅವಳು ಕೈ ಚಾಚಲಿಲ್ಲ. ನನ್ನ ಕಡೆ ತಲೆ ತಿರುಗಿಸಿದಳು.

‘ಮೊದಲು ಈಕೀಗೆ ಕೊಡ್ರಿ ಅಯ್ಯನವರ. ನಾಲ್ಕು ತಿಂಗಳಾತು, ಹಾರ್ಮೋನಿಯಂ ಮುಂದ ಉಪವಾಸ ಕುಂತಾಳ. ನಾ ಹಿಂದಿನ ಬೆಂಚಿನಿಂದ ನೋಡೀನಿ.’